ಚೆಂಡಿನಿಂದ ಶುರು ಮಾಡು

ಇದು ಆಗುವ ಮಾತಲ್ಲ ಎಂದು ನನಗೆ ಹೇಳಿದವರು ಮೂವರು. ಒಬ್ಬರು ನನ್ನ ಕಾಕಾ. ಕಂಪ್ಯೂಟರಿನಲ್ಲಿ ಗೊಂಬೆ ಮಾಡುವುದನ್ನು ಕಲಿಸಲಿಕ್ಕೂ ಒಂದು ಡಿಗ್ರಿ ಇದೆ ಎಂಬುದನ್ನೇ ಅವರು ನಂಬಲಿಲ್ಲ. ಇನ್ನೊಬ್ಬರು ನಮ್ಮ ಚಾಳಿನ ಕೊನೆಯ ಖೋಲಿಯಲ್ಲಿದ್ದ, ಎಲ್ಲರೂ ಮಾವಶಿ ಎನ್ನುತ್ತಿದ್ದ ಹೆಂಗಸು. ದಹಿಸರ್‌ನಿಂದ ಅಂಧೇರಿಗೆ ದಿನಾ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಹೋಗಿಬರುವ ಹುಡುಗಿಯನ್ನು ಯಾರು ಮದುವೆಯಾಗುತ್ತಾರೆ ಎಂಬುದು ಅವರ ಚಿಂತೆ. ಮೂರನೆಯವರು, ಆ ಡಿಗ್ರಿಯನ್ನು ಕಲಿಸುತ್ತಿದ್ದ ಸರ್. ಮೊದಲಿಬ್ಬರು ಒಂದೊಂದು ಸಲ ಹೇಳಿ ಸುಮ್ಮನಾದರು. ಸರ್ ಮೂರು ವರ್ಷ ಹೇಳಿದರು.

ಸರ್ ಹೋದ ತಿಂಗಳು ತೀರಿಕೊಂಡರು. ಹಳೆಯ ವಿದ್ಯಾರ್ಥಿಗಳ ಮೊಬೈಲ್ ಗ್ರೂಪಿನಲ್ಲಿ ಎರಡು ದಿನ ಅದೇ ಮಾತು. ಅವರ ಕಣ್ಣು, ಅವರ ಶಿಸ್ತು, ಅವರ ಸರಳತೆ. ನನಗಿಂತ ತುಂಬ ಕಿರಿಯ ಬ್ಯಾಚಿನ ಒಬ್ಬ ಬರೆದಿದ್ದ: "ಒಬ್ಬ ಬಡ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡು, ಇಡೀ ದಿನ ಜೊತೆಗಿದ್ದು, ಮೊದಲಿನಿಂದ ಕೆಲಸ ಮಾಡಿಸಿ ಅವಳ ಬದುಕು ಕಟ್ಟಿಕೊಟ್ಟ ಗುರು." ಅದರ ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು. ಆ ಬಡ ಹುಡುಗಿ ನಾನು. ನಾನು ಆ ಗ್ರೂಪಿನಲ್ಲೇ ಇದ್ದೇನೆ ಎಂಬುದು ಬರೆದವನಿಗೆ ಗೊತ್ತಿಲ್ಲ. ತೀರಿಕೊಂಡವರ ಬಗ್ಗೆ ಈಗ ಹೀಗೆಲ್ಲ ಹೇಳಬಾರದು ಎನ್ನುವವರು ಇಲ್ಲಿಗೇ ಓದು ನಿಲ್ಲಿಸಬಹುದು. ನಾನು ನನಗೆ ಗೊತ್ತಿರುವ ಸರ್ ಬಗ್ಗೆ ಬರೆಯುತ್ತೇನೆ.

ಅವರನ್ನು ಮೊದಲು ನೋಡಿದ್ದು ಪ್ರವೇಶದ ಸಂದರ್ಶನದಲ್ಲಿ. ಮೈಸೂರಿನ ಕಡೆಯವರು, ಜಾಹೀರಾತಿನ ಸ್ಟುಡಿಯೋಗಳಲ್ಲಿ ಬಹಳ ವರ್ಷ ದುಡಿದು ಆಮೇಲೆ ಕಾಲೇಜಿಗೆ ಬಂದವರು. ತೆಳ್ಳಗಿನ ಮೈ, ದಾರ ಕಟ್ಟಿ ಕುತ್ತಿಗೆಗೆ ಇಳಿಬಿಟ್ಟ ಕನ್ನಡಕ, ಇಸ್ತ್ರಿ ಮಾಡಿದ ಶರ್ಟು. ಹಳೆಯ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ನಾನು ಬರೆದಿದ್ದ ಚಿತ್ರಗಳನ್ನು ಒಂದೊಂದಾಗಿ ತಿರುವಿದರು. ನನ್ನ ಹೆಸರು ಓದಿ ತಲೆಯೆತ್ತಿದರು.

"ಏನಮ್ಮಾ, ಕನ್ನಡದವಳಾ?"

"ಹೌದ್ರಿ ಸರ್."

"ಯಾವ ಕಡೆ?"

"ಬಾಗಲಕೋಟಿ ಕಡೇರಿ. ಈಗ ಇಲ್ಲೇ ದಹಿಸರ್‌ದಾಗ ಇರ್ತೀವಿ."

"ತಂದೆ ಏನ್ಮಾಡ್ತಾರೆ?"

"ಅಪ್ಪ ಅವ್ವ ಇಲ್ರಿ. ಅತ್ತಿ ಸಾಕ್ಯಾರ. ಖಾನಾವಳಿಗೆ ರೊಟ್ಟಿ ಬಡದು ಕೊಡ್ತಾರ."

ಅವರು ಚಿತ್ರಗಳನ್ನು ಒಟ್ಟುಮಾಡಿ, ಅಂಚು ಸರಿಮಾಡಿ ನನ್ನ ಕಡೆ ಸರಿಸಿದರು. "ನೋಡಮ್ಮಾ, ಕೈ ಚೆನ್ನಾಗಿದೆ. ಆದ್ರೆ ಇದು ಖರ್ಚಿನ ವಿದ್ಯೆ. ಒಳ್ಳೇ ಕಂಪ್ಯೂಟರ್ ಬೇಕು, ಇಂಗ್ಲಿಷ್ ಬೇಕು, ಮನೇಲಿ ಒಂದು ಮೇಜಾದ್ರೂ ಬೇಕು. ನಿಮ್ಮಂಥೋರಿಂದ ಆಗಲ್ಲ. ಬಿ.ಕಾಂ ಮಾಡ್ಕೊ, ಬ್ಯಾಂಕ್ ಪರೀಕ್ಷೆ ಕಟ್ಟು."

ಸಿಟ್ಟಿನಿಂದ ಹೇಳಿದ್ದರೆ ಮರೆತುಬಿಡುತ್ತಿದ್ದೆ. ಮನೆಯ ಹಿರಿಯರು ಹೇಳುವ ಹಾಗೆ, ಕಾಳಜಿಯಿಂದ ಹೇಳಿದರು. ಪ್ರವೇಶ ಸಿಕ್ಕಿದ್ದು ಅಂಕಗಳ ಪಟ್ಟಿಯಲ್ಲಿ ನನ್ನ ಹೆಸರು ಮೇಲಿದ್ದುದರಿಂದ, ಅವರ ದಯೆಯಿಂದಲ್ಲ.

ಕ್ಲಾಸಿನಲ್ಲಿ ಎಲ್ಲರ ಜೊತೆ ಇಂಗ್ಲಿಷು, ಹಿಂದಿ. ನನ್ನ ಜೊತೆ ಮಾತ್ರ ಕನ್ನಡ, ಅದೂ ಬೈಯುವಾಗ. "ಇದೇನು ಮೂಗೋ, ಮೆಣಸಿನಕಾಯಿ ಬಜ್ಜಿಯೋ?" "ನಿಮ್ಮ ಕಡೆ ಎಲ್ಲರ ಕಿವಿನೂ ಹೀಗೆ ಭುಜದ ಮೇಲೇ ಇರುತ್ತಾ?" ಸರ್ ಏನಂದರು ಎಂದು ಪಕ್ಕದವರು "ಕ್ಯಾ ಬೋಲಾ ಸರ್ ನೇ?" ಅಂತ ಕೇಳಿದರೆ "ಕುಛ್ ನಹೀಂ, ನಾಕ್ ಠೀಕ್ ಕರೋ ಬೋಲಾ", ಏನಿಲ್ಲ, ಮೂಗು ಸರಿಮಾಡು ಅಂದರು, ಎನ್ನುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ, ನನಗೂ ಎಲ್ಲರಂತೆ ಇಂಗ್ಲಿಷಿನಲ್ಲೇ ಹೇಳಿ ಸರ್ ಎಂದೆ. ಅವರಿಗೆ ನಿಜವಾಗಿಯೂ ಬೇಸರವಾಯಿತು. "ಕನ್ನಡದಲ್ಲಿ ಬೈದ್ರೆ ನಿನಗೊಬ್ಬಳಿಗೇ ಅರ್ಥವಾಗುತ್ತೆ. ನಿನ್ನ ಮರ್ಯಾದೆ ಉಳಿಯಲಿ ಅಂತ ತಾನೇ ನಾನು ಹಾಗೆ ಮಾಡೋದು?" ಎಂದರು. ಅದು ಅವರ ಪಾಲಿಗೆ ಊರಿನ ಮಮತೆ. ಈ ಮುಂಬಯಿಯಲ್ಲಿ ನನ್ನ ಭಾಷೆಯಲ್ಲಿ ನನ್ನೊಡನೆ ಮಾತಾಡಿದ ಏಕೈಕ ಮೇಷ್ಟ್ರು ಅವರು, ಆ ಭಾಷೆಯಲ್ಲಿ ಅವರಿಂದ ನಾನು ಕೇಳಿದ್ದು ಬೈಗುಳ ಮಾತ್ರ.

ಹಾಗಂತ ಕಲಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಪರದೆಯ ಮೇಲೆ ಒಂದು ಬೂದು ಬಣ್ಣದ ಚೆಂಡು ಇರುತ್ತದೆ, ನಮ್ಮ ಕೈಯಲ್ಲಿ ಒಂದು ಪೆನ್ನು. ಆ ಪೆನ್ನಿನಿಂದ ಚೆಂಡನ್ನು ಎಳೆಯುತ್ತ, ಒತ್ತುತ್ತ, ಉಬ್ಬಿಸುತ್ತ, ನಯಮಾಡುತ್ತ ಹೋದರೆ ಅದು ತಲೆಯಾಗುತ್ತದೆ, ಕೆಳಗೆ ಕುತ್ತಿಗೆ ಬರುತ್ತದೆ, ಹೆಗಲು ಬರುತ್ತದೆ. ಸುತ್ತ ತಿರುಗಿಸಿ ಬೆನ್ನನ್ನೂ ಮಾಡಬೇಕು. ಕಾರ್ಟೂನಿನಲ್ಲಿ ಓಡಾಡುವ ಪಾತ್ರಗಳು ಹುಟ್ಟುವುದು ಹೀಗೆ. ಅವಕ್ಕೆ ಎಲುಬು ಕೊಟ್ಟು ನಡೆಸುವವರು ಆಮೇಲೆ ಬರುತ್ತಾರೆ. ಕಾರ್ಟೂನ್ ಪಾತ್ರ ಮನುಷ್ಯನ ನಕಲು ಆಗಕೂಡದು. ಏನನ್ನೋ ದೊಡ್ಡದು ಮಾಡಬೇಕು, ಏನನ್ನೋ ಇಲ್ಲವಾಗಿಸಬೇಕು. ಎಲ್ಲರೂ ಜಾರುವುದು ಅಲ್ಲೇ.

ಸರ್ ಹೇಳುತ್ತಿದ್ದರು: "ದೊಡ್ಡದು ಮಾಡು, ಬೇಡ ಅನ್ನಲ್ಲ. ಯಾಕೆ ದೊಡ್ಡದು ಮಾಡಿದೆ ಅನ್ನೋದಕ್ಕೆ ಕಾರಣ ಕೊಡು. ಕಾರಣ ಇಲ್ಲದ ಹೊಟ್ಟೆ ಬರೀ ಹೊಟ್ಟೆ." ಮೊದಲ ವಾರದಲ್ಲೇ ಯಾರಾದರೂ ಕಣ್ಣಿನ ರೆಪ್ಪೆ ಕೆತ್ತಲು ಕೂತರೆ ಕಂಪ್ಯೂಟರ್ ಆರಿಸಿಬಿಡುತ್ತಿದ್ದರು. ಹಿಂದಿನಿಂದ ಬಂದು ಪರದೆಯ ಮೇಲೆ ಅಂಗೈಯಿಟ್ಟು ಪಾತ್ರದ ಮುಖವನ್ನು ಮುಚ್ಚಿ, "ಈಗ ಹೇಳು, ಇದು ಯಾರು?" ಎನ್ನುತ್ತಿದ್ದರು. ಮುಖ ಮುಚ್ಚಿದ ಮೇಲೂ ಮೈ ಹೇಳಬೇಕು, ಇವನು ಜಿಪುಣ, ಇವಳು ಗಡಿಬಿಡಿಯವಳು ಅಂತ. ಒಂದು ಸಂಜೆ ನಮ್ಮನ್ನೆಲ್ಲ ಅಂಧೇರಿ ಸ್ಟೇಷನ್ನಿನ ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿ, ಮೆಟ್ಟಿಲಿಳಿಯುವವರ ಬೆನ್ನನ್ನಷ್ಟೇ ನೋಡಿ ಕೆಲಸ ಯಾವುದೆಂದು ಹೇಳಿ ಎಂದರು. ಜನ ತಳ್ಳಾಡಿದರು, ಪೊಲೀಸ್ ಬಂದು ಗದರಿಸಿದ. ಸರ್ ಅವನ ಬೆನ್ನನ್ನೂ ತೋರಿಸಿ, "ಇವನಿಗೆ ಪ್ರಮೋಷನ್ ತಪ್ಪಿದೆ ನೋಡಿ" ಎಂದರು. ಅಂಥ ಕಣ್ಣು.

ಅವರದೇ ಒಂದು ಪದ್ಧತಿ ಇತ್ತು. ನಾವು ಬಳಸುವ ಸಾಫ್ಟ್‌ವೇರಿನಲ್ಲಿ ಪೆನ್ನಿನ ಒಂದೊಂದು ಎಳೆತವೂ ಕ್ರಮವಾಗಿ ಫೈಲಿನಲ್ಲೇ ಉಳಿದಿರುತ್ತದೆ. ಅದಕ್ಕೆ ಹಿಸ್ಟರಿ ಎನ್ನುತ್ತೇವೆ. ಪರದೆಯ ಮೇಲಂಚಿನಲ್ಲಿರುವ ಪಟ್ಟಿಯನ್ನು ಹಿಂದಕ್ಕೆ ಎಳೆಯುತ್ತ ಹೋದರೆ ಮುಖ ಕರಗುತ್ತ ಕರಗುತ್ತ ಮತ್ತೆ ಚೆಂಡಾಗುತ್ತದೆ. ಬೇರೆ ಮೇಷ್ಟ್ರುಗಳು ಮುಗಿದ ಪಾತ್ರ ನೋಡಿ ಅಂಕ ಕೊಡುತ್ತಿದ್ದರು. ಸರ್ ಕೂತ ತಕ್ಷಣ ಎಡಗೈಯಿಂದ ಆ ಪಟ್ಟಿ ಎಳೆಯುತ್ತಿದ್ದರು. "ಮುಖ ಎಲ್ಲರೂ ಮಾಡ್ತಾರೆ. ಎಲ್ಲೆಲ್ಲಿ ತಪ್ಪಿದೆ, ಎಲ್ಲಿ ತಿದ್ಕೊಂಡೆ, ಅದನ್ನ ತೋರಿಸು."

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ಕೂದಲಿನ ಕ್ಲಿಪ್ಪು, ಹಣೆಯ ಟಿಕಲಿ ಮಾರುವ ಹೆಂಗಸನ್ನು. ಸೊಂಟ ಅಗಲ, ಏಕೆಂದರೆ ಗರ್ದಿಯಲ್ಲಿ ದಾರಿ ಮಾಡುವುದು ಅದೇ. ಗದ್ದ ಮುಂದೆ, ಏಕೆಂದರೆ ಮೈಗಿಂತ ಮೊದಲು ಅದು ಒಳಗೆ ಬರುತ್ತದೆ. ತಲೆ ಪುಟ್ಟದು, ಕೊರಳಿಗೆ ನೇತುಬಿದ್ದ ಕ್ಲಿಪ್ಪಿನ ರಟ್ಟುಗಳು ಮೈಗಿಂತ ಉದ್ದ. ನಾಲ್ಕು ತಿಂಗಳು ಮನೆಯಲ್ಲಿ ಕೂತು ಮಾಡಿದೆ. ಈ ಪ್ರಾಜೆಕ್ಟಿಗೆ "ವಿದ್ಯಾರ್ಥಿಯ ಸ್ವಂತ ಕೆಲಸ" ಎಂದು ಸರ್ ಸಹಿ ಬೀಳದಿದ್ದರೆ ಡಿಗ್ರಿ ಇಲ್ಲ. ಡಿಗ್ರಿ ಇಲ್ಲದಿದ್ದರೆ ನಮ್ಮ ಮನೆತನದಲ್ಲಿ ಹತ್ತನೆಯ ಕ್ಲಾಸು ದಾಟಿದ ಮೊದಲನೆಯವಳು ಅಲ್ಲಿಗೇ ನಿಂತ ಹಾಗೆ.

ನನ್ನ ಕಂಪ್ಯೂಟರು ಯಾವುದೋ ಆಫೀಸು ಹೊರಹಾಕಿದ್ದು. ಫೈಲು ಬೆಳೆದಂತೆಲ್ಲ ಅದು ಏದುಸಿರು ಬಿಡುತ್ತಿತ್ತು. ಸೇವ್ ಮಾಡಲು ಒತ್ತಿ, ಅತ್ತಿಯ ಸಲುವಾಗಿ ನಾನು ನಲ್ಲಿಯಿಂದ ಎರಡು ಕೊಡ ನೀರು ತುಂಬಿ ಬಂದರೂ ಮುಗಿದಿರುತ್ತಿರಲಿಲ್ಲ. ಹಿಸ್ಟರಿ ಅಳಿಸಿದರೆ ಫೈಲು ಹಗುರಾಗುತ್ತದೆ ಎಂದು ಗೆಳತಿ ಹೇಳಿದಳು. ಅಳಿಸಿದೆ. ಪ್ರತಿಸಲ ಕೆಲಸ ಮುಗಿದಾಗಲೂ ಅಳಿಸಿದೆ. ಒಂದೇ ಖೋಲಿಯಲ್ಲಿ ಅಡುಗೆ, ನಿದ್ದೆ, ಓದು, ರೊಟ್ಟಿಯ ಹಿಟ್ಟಿನ ಡಬ್ಬ ಎಲ್ಲವೂ ಇರುವ ಮನೆಯಲ್ಲಿ ಬೆಳೆದವರು ಬೇಡವಾದದ್ದನ್ನು ಇಟ್ಟುಕೊಳ್ಳುವುದಿಲ್ಲ. ಇನ್ನೊಂದು ಮಾತನ್ನೂ ಮುಚ್ಚಿಡುವುದಿಲ್ಲ. ಹೊರಗಿನ ಪರೀಕ್ಷಕರು ಬರುವವರಿದ್ದರು. ನನ್ನ ತಪ್ಪುಗಳನ್ನು ಅವರು ನೋಡುವುದು ಬೇಡ, ಗುಡಿಸಿ ಸಾರಿಸಿ ಮುಂದಿಡೋಣ ಎನಿಸಿತು. ಕ್ಲಾಸಿನಲ್ಲಿ ಹಿಸ್ಟರಿ ನೋಡುವ ಸರ್ ಪರೀಕ್ಷೆಯಲ್ಲೂ ನೋಡುತ್ತಾರೆ ಎಂದು ನನಗೆ ಹೊಳೆಯಲಿಲ್ಲ. ಪ್ರಾಜೆಕ್ಟಿನ ಸೂಚನೆಯ ಕಾಗದದಲ್ಲಿ ಮುಗಿದ ಪಾತ್ರ ತನ್ನಿ ಎಂದಷ್ಟೇ ಇತ್ತು. ಮುಗಿದದ್ದನ್ನು ಒಯ್ದೆ.

ಸರ್ ನನ್ನ ಹೆಂಗಸನ್ನು ಸುತ್ತ ತಿರುಗಿಸಿ ನೋಡಿದರು. ಅಂಗೈಯಿಂದ ಮುಖ ಮುಚ್ಚಿದರು, ತೆಗೆದರು. ಎಡಗೈ ಪಟ್ಟಿಯ ಕಡೆ ಹೋಯಿತು. ಎಳೆದರು. ಹೆಂಗಸು ಅಲುಗಲಿಲ್ಲ.

"ಹಿಂದೆ ಏನೂ ಇಲ್ವಲ್ಲ."

"ಅಳಿಸೀನ್ರಿ ಸರ್. ಫೈಲ್ ಭಾಳ ದೊಡ್ಡದಾಗಿತ್ತು."

"ಅಳಿಸಿದ್ಯಾ." ಕನ್ನಡಕ ತೆಗೆದು ಕುತ್ತಿಗೆಗೆ ಇಳಿಬಿಟ್ಟರು. ಆಮೇಲೆ, ಸುತ್ತಲಿನವರಿಗೆ ತಿಳಿಯದ ನನ್ನ ಭಾಷೆಯಲ್ಲಿ, ಮೆಲ್ಲಗೆ ಕೇಳಿದರು: "ಯಾವ ಹುಡುಗ ಮಾಡ್ಕೊಟ್ಟ?"

"ನಾನ ಮಾಡೀನ್ರಿ" ಎಂದೆ, ಅಷ್ಟೇ. ಪಕ್ಕದ ಹುಡುಗಿ ಅಭ್ಯಾಸದಂತೆ "ಕ್ಯಾ ಬೋಲಾ?" ಎಂದಳು. ಸರ್ ಸಹಿಯ ಜಾಗ ಖಾಲಿ ಬಿಟ್ಟು ಮುಂದಿನವನನ್ನು ಕರೆದರು.

ಅವರು ಯಾಕೆ ಹಾಗೆ ಕೇಳಿದರು ಎಂಬುದು ಆಮೇಲೆ ಲ್ಯಾಬಿನ ಜವಾನನಿಂದ ತಿಳಿಯಿತು. ಹಿಂದೊಮ್ಮೆ ಒಬ್ಬ ಹುಡುಗ ಇಂಟರ್ನೆಟ್ಟಿನಲ್ಲಿ ಕೊಂಡ ಪಾತ್ರವನ್ನು ತನ್ನದೆಂದು ಕೊಟ್ಟಿದ್ದ, ಸರ್ ನಂಬಿ ಸಹಿ ಹಾಕಿದ್ದರು, ಹೊರಗಿನ ಪರೀಕ್ಷಕರು ಎಲ್ಲರೆದುರು ಅದನ್ನು ಹಿಡಿದಿದ್ದರು. ಆ ಹುಡುಗ ಕಾರಿನಲ್ಲಿ ಬರುತ್ತಿದ್ದವನು. ಅವನಿಗೆ ಹಿಸ್ಟರಿ ಎಲ್ಲಿ ಎಂದು ಯಾರೂ ಕೇಳಿರಲಿಲ್ಲ. ಅವನಿಂದ ಕಲಿತ ಅನುಮಾನವನ್ನು ಸರ್ ನನ್ನ ಮೇಲೆ ಪ್ರಯೋಗಿಸಿದರು.

ಮನೆಗೆ ಹೋಗಿ ಅತ್ತಿಯ ಮುಂದೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಮಾಡಿದಾಕಿ ನೀನ ಹೌದಿಲ್ಲೋ?"

ನಾಲ್ಕು ತಿಂಗಳು ನನ್ನ ಬೆನ್ನ ಹಿಂದೆಯೇ ಕೂತು ರೊಟ್ಟಿ ಬಡಿದವಳು. ಆಕೆಯ ಮುಂದೆಯೇ ಆ ಹೆಂಗಸು ಹುಟ್ಟಿದ್ದು. ದೊಡ್ಡ ಕಾಲೇಜಿನ ಮೇಷ್ಟ್ರು ಅಂದಮೇಲೆ ತನ್ನ ಕಣ್ಣಿಗಿಂತ ಅವರ ಮಾತು ಹೆಚ್ಚಾಯಿತು ಆಕೆಗೆ. "ಹೌದು" ಎಂದೆ.

"ಹಂಗಿದ್ರ ಅಳೂದ್ಯಾಕ? ರೊಟ್ಟಿ ನಾ ಬಡದಿಲ್ಲ ಅಂತ ಯಾರರ ಅಂದ್ರ ನಾ ಏನ್ ಮಾಡ್ತೀನಿ? ಅವರ ಮುಂದನ ಹಿಟ್ಟು ಕಲಸ್ತೀನಿ. ನಡಿ, ನಾನೂ ಬರ್ತೀನಿ."

ಮಾರನೆಯ ದಿನ ಅತ್ತಿಯ ಜೊತೆ ಹೋಗಿ, ನಿಮ್ಮೆದುರೇ ಮತ್ತೆ ಮಾಡುತ್ತೇನೆ ಎಂದೆ. ಸರ್ ನನ್ನ ಹಳೆಯ ಫೈಲನ್ನು ಲ್ಯಾಬಿನ ಕಂಪ್ಯೂಟರಿನಿಂದ ತೆಗೆಸಿದರು. ಖಾಲಿ ಪರದೆ ತೆರೆದು ಕುರ್ಚಿ ತೋರಿಸಿದರು.

"ಚೆಂಡಿನಿಂದ ಶುರು ಮಾಡು."

ಬೆಳಿಗ್ಗೆ ಹತ್ತಕ್ಕೆ ಕೂತೆ. ಸರ್ ನನ್ನ ಹಿಂದೆ, ಕೈಯಲ್ಲಿ ಪೇಪರು. ಅತ್ತಿ ಬಾಗಿಲ ಬಳಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ. ಸ್ವಲ್ಪ ಹೊತ್ತಾದ ಮೇಲೆ ಅತ್ತಿಯಿಂದ ತಡೆಯಲಾಗಲಿಲ್ಲ. "ಏನದು, ಗೋಳಗುಮ್ಮಟ ಕಟ್ಟಾಕ ಹತ್ತೀಯೇನ?" ಎಂದಳು. ಸರ್ ನಕ್ಕರು. ಮೂರು ವರ್ಷದಲ್ಲಿ ಅವರು ನಕ್ಕದ್ದನ್ನು ಅಂದೇ ನೋಡಿದೆ. "ಇಲ್ಲಮ್ಮಾ, ಅದು ತಲೆ" ಎಂದರು. "ತಲಿ ಅಷ್ಟು ಖಾಲಿ ಇರ್ತದೇನ್ರಿ?" ಎಂದಳು ಅತ್ತಿ.

ಮಧ್ಯಾಹ್ನದ ಹೊತ್ತಿಗೆ ಸೊಂಟ ಬಂದಿತ್ತು, ಗದ್ದ ಬಂದಿತ್ತು. ಆಗ ನನ್ನ ಹಿಂದಿನಿಂದ, ತಾನು ಯಾರನ್ನು ಯಾಕೆ ಕೂರಿಸಿಕೊಂಡಿದ್ದೇನೆ ಎಂಬುದನ್ನೇ ಮರೆತವರ ಹಾಗೆ ಸರ್ ಹೇಳಿದರು: "ಮೂಗಿಗೆ ಈಗಲೇ ಹೋಗ್ಬೇಡ. ಮೊದಲು ಕತ್ತಿನ ಹಿಂಭಾಗ ನೋಡು, ಭಾರ ಅಲ್ಲಿದೆ." ಕಳ್ಳಿಯೆಂದು ಹಿಡಿದು ಕೂರಿಸಿದವಳಿಗೂ ಪಾಠ ಹೇಳದೆ ಇರಲು ಆ ಮನುಷ್ಯನಿಗೆ ಆಗಲಿಲ್ಲ. ಅವರು ಹೇಳಿದ್ದು ಸರಿಯಾಗಿಯೂ ಇತ್ತು. ಕತ್ತಿನ ಹಿಂಭಾಗ ತಿದ್ದಿದೆ. ಹೆಂಗಸು ಎದ್ದು ನಿಂತಳು. ಅವರ ಮೇಲಿನ ನನ್ನ ಸಿಟ್ಟು ಪೂರ್ತಿ ಆಗದೇ ಉಳಿದಿರುವುದು ಈ ಒಂದು ಕಾರಣಕ್ಕೆ, ಮತ್ತು ಅದೇ ನನ್ನನ್ನು ಹೆಚ್ಚು ಸುಡುತ್ತದೆ.

ಸಂಜೆ ಆರಕ್ಕೆ ಪೆನ್ನು ಕೆಳಗಿಟ್ಟೆ. ಸರ್ ನನ್ನ ಕುರ್ಚಿಯಲ್ಲಿ ಕೂತು ಪಟ್ಟಿಯನ್ನು ಹಿಂದಕ್ಕೆ ಎಳೆದರು, ಮುಂದಕ್ಕೆ ಎಳೆದರು. ಒಂದು ಕಡೆ ನಿಲ್ಲಿಸಿದರು.

"ಸೊಂಟ ಇಲ್ಲಿ ಅಗಲ ಮಾಡಿದೀಯ. ಆಮೇಲೆ ಕಮ್ಮಿ. ಮತ್ತೆ ಅಗಲ. ಯಾಕೆ?"

"ಕಾರಣ ಇಲ್ಲದ ದೊಡ್ಡದು ಮಾಡಬ್ಯಾಡ ಅಂದಿದ್ರಿ. ರಟ್ಟು ಕೊರಳಿಗೆ ಹಾಕೂ ತನಕ ಕಾರಣ ಇರಲಿಲ್ರಿ."

ಅವರು ತಲೆಯಾಡಿಸಿದರು. "ಸ್ವಂತದ್ದೇ" ಎಂದರು, ಅಂಗಡಿಯಲ್ಲಿ ತುಪ್ಪವನ್ನು ಅಂಗೈಗೆ ಉಜ್ಜಿ ಮೂಸಿ ಹೇಳುವವರ ಹಾಗೆ. ನಾನು ಕಾದೆ. ಇನ್ನೊಂದು ಮಾತು ಬರುತ್ತದೆಂದು ಕಾದೆ. ಬರಲಿಲ್ಲ.

"ಮೊದಲನೇದಕ್ಕ ಸಹಿ ಹಾಕ್ರಿ ಸರ್. ಅದು ಇದಕ್ಕಿಂತ ಚಲೋ ಐತಿ."

"ಚೆನ್ನಾಗೇ ಇತ್ತು. ಆದ್ರೆ ತಾರೀಖು ಮುಗೀತಲ್ಲಮ್ಮಾ. ಇದು ಮರುಪರೀಕ್ಷೆ ಅಂತಲೇ ಹೋಗ್ಬೇಕು. ನಿಯಮ."

ನಿಯಮ ಎಂದರೆ ಏನಾಯಿತು ಎಂದು ಹೇಳುತ್ತೇನೆ. ಮರುವಾರ ಒಂದು ಸ್ಟುಡಿಯೋದವರು ಕೆಲಸಕ್ಕೆ ಆರಿಸಲು ಕಾಲೇಜಿಗೆ ಬಂದರು. ಮೊದಲ ಸಲಕ್ಕೇ ಪಾಸಾದವರನ್ನು ಮಾತ್ರ ಒಳಗೆ ಕರೆದರು. ಕಿವಿ ಮಾಡಲು ನನ್ನಿಂದ ಕಲಿತ ನಮ್ಮ ಕ್ಲಾಸಿನ ಒಬ್ಬ ಹುಡುಗ ಒಳಗೆ ಹೋಗಿ ಕೆಲಸ ತೆಗೆದುಕೊಂಡು ಬಂದ, ಪೇಡೆ ಹಂಚಿದ. ನಾನು ಒಂದೂವರೆ ವರ್ಷ ಬೈಕುಲ್ಲಾದ ಒಂದು ಮಾಳಿಗೆಯಲ್ಲಿ, ಮದುವೆಯ ವಿಡಿಯೋಗಳಲ್ಲಿ ವಧುವಿನ ಕೂದಲಿನ ಅಂಚನ್ನು ಒಂದೊಂದೇ ಚಿತ್ರವಾಗಿ ಕತ್ತರಿಸುವ ಕೆಲಸ ಮಾಡಿದೆ. ಅಲ್ಲಿಂದ ಮತ್ತೆ ಅಂಧೇರಿಗೆ, ಒಂದು ಸ್ಟುಡಿಯೋಗೆ ಬರಲು, ಪಾತ್ರ ಕೆತ್ತುವ ಕುರ್ಚಿಯಲ್ಲಿ ಕೂರಲು ನಾನೇ ದಾರಿ ಹುಡುಕಿಕೊಂಡೆ. ಈಗ ನನ್ನ ಕೈಕೆಳಗೆ ಆರು ಮಂದಿ ಇದ್ದಾರೆ. ಅವರ ಕೆಲಸ ನೋಡುವಾಗ ನಾನೂ ಮೊದಲು ಹಿಸ್ಟರಿ ಎಳೆದು ನೋಡುತ್ತೇನೆ. ಅದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಗೊತ್ತಿಲ್ಲ. ಅದು ಖಾಲಿ ಇದ್ದರೆ ಒಂದೇ ಪ್ರಶ್ನೆ ಕೇಳುತ್ತೇನೆ: "ನಿನ್ನ ಕಂಪ್ಯೂಟರ್ ಎಷ್ಟು ಹಳೇದು?"

ಕೆಲವು ವರ್ಷಗಳ ಮೇಲೆ ಅವರನ್ನು ಅಂಧೇರಿ ಸ್ಟೇಷನ್ನಿನ ಅದೇ ಸೇತುವೆಯ ಮೇಲೆ ಕಂಡೆ. ತಾವಾಗಿ ನಿಂತು ಮಾತಾಡಿಸಿದರು. ಯಾವ ಸ್ಟುಡಿಯೋ, ಏನು ಕೆಲಸ ಎಲ್ಲ ಕೇಳಿದರು. ಮುಖ ಅರಳಿತ್ತು.

"ನಿನ್ನ ಕಥೆ ಪ್ರತಿ ಬ್ಯಾಚಿಗೂ ಹೇಳ್ತೀನಮ್ಮಾ."

"ಯಾವ ಭಾಗ ಹೇಳ್ತೀರಿ ಸರ್?"

"ಇನ್ಯಾವ ಭಾಗ? ಚೆಂಡಿನಿಂದ ಮಾಡಿ ತೋರಿಸಿದ್ದು."

"ಅದರ ಹಿಂದಿನ ದಿನದ್ದು?"

ಅವರು ನನ್ನನ್ನೇ ನೋಡಿದರು. ನೆನಪಿರಲಿಲ್ಲವೋ, ನೆನಪಿತ್ತೋ, ನನಗೆ ಇವತ್ತಿಗೂ ತಿಳಿಯದು. ಬೆನ್ನು ನೋಡಿ ಮನುಷ್ಯರನ್ನು ಓದುತ್ತಿದ್ದವರ ಮುಖವನ್ನು ಓದಲು ನನಗೆ ಆಗಲಿಲ್ಲ. "ಸ್ಲೋ ಲೋಕಲ್ ಬಂತು ಕಣಮ್ಮಾ, ಬರ್ತೀನಿ" ಎಂದು ಮೆಟ್ಟಿಲಿಳಿದರು. ಅವರನ್ನು ನೋಡಿದ್ದು ಅದೇ ಕೊನೆ.

ಗ್ರೂಪಿನಲ್ಲಿ ಈಗ ಒಂದು ಫೋಟೋ ಓಡಾಡುತ್ತಿದೆ, ಅವರು ಡಿಗ್ರಿ ಕೊಡುತ್ತಿರುವುದು. ಅದರಲ್ಲಿ ತೆಗೆದುಕೊಳ್ಳುತ್ತಿರುವ ಕೈ ನನ್ನದು. ಮರುಪರೀಕ್ಷೆ ಪಾಸಾಗಿ ನಾನು ಡಿಗ್ರಿ ತೆಗೆದುಕೊಂಡ ಆ ದಿನ ವಿಭಾಗದ ಮುಖ್ಯಸ್ಥರಾಗಿ ಸರ್ ವೇದಿಕೆಯ ಮೇಲಿದ್ದರು. ಹೆಸರು ಕರೆದರು, ಹೋದೆ. ಕಾಗದ ಕೈಗಿಟ್ಟರು, ಫೋಟೋದವನ ಕಡೆ ನೋಡಿದರು, ನಾನೂ ನೋಡಿದೆ. ಕೆಳಗಿಳಿದು ಕೊನೆಯ ಸಾಲಿಗೆ ಹೋದೆ.

ಅತ್ತಿ ಇಳಕಲ್ ಸೀರೆಯುಟ್ಟು ಬಂದಿದ್ದಳು. ಕಾಗದವನ್ನು ಆಕೆಯ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡಳು. "ಇದರಾಗ ನಿನ್ನ ಹೆಸರು ಯಾವ್ದು?" ಎಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಕೂತಳು. ಪಕ್ಕದಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಆಕೆ ಬೆರಳು ತೆಗೆಯಲಿಲ್ಲ, ನನ್ನ ಮುಖ ನೋಡಲಿಲ್ಲ.

"ಮಾಡಿದಾಕಿ ನೀನ ಹೌದಿಲ್ಲೋ ಅಂತ ಆವತ್ತ ನಾನೂ ಕೇಳಿದ್ನಲ್ಲ, ಕೇಳಬಾರದಿತ್ತವ್ವ" ಎಂದಳು. "ತಪ್ಪಾತು."